ಚಾಟ್‌ಜಿಪಿಟಿ ಆಕರವಲ್ಲ, ಆದರೂ ಬರೆದಿಡಬೇಕು

(ಬೆಂಗಳೂರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಕಾಲೇಜು ಅಧ್ಯಾಪಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪಿಎಚ್‌ಡಿ ಮಾಡುತ್ತಿರುವವರು ಈಗ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. "ಮೇಡಂ, ಚಾಟ್‌ಜಿಪಿಟಿ ಬಳಸಿದ್ದೇನೆ. ಥೀಸಿಸ್‌ನಲ್ಲಿ ಹೇಳಬೇಕಾ? ಹೇಳೋದಾದರೆ ಎಲ್ಲಿ?" ಕೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಪಕ್ಕದಲ್ಲಿ ಗೈಡ್ ಇದ್ದರೆ ಪ್ರಶ್ನೆಯೇ ಬರುವುದಿಲ್ಲ. ಈ ಹೆದರಿಕೆ ಹೋಗಬೇಕು ಅನ್ನುವುದು ನನ್ನ ಆಸೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹೌದು, ಹೇಳಬೇಕು. ಎಲ್ಲಿ, ಹೇಗೆ, ಎಷ್ಟು ಎನ್ನುವುದು ಇವತ್ತಿನ ಮಾತು.

ಇಲ್ಲಿ ಎರಡು ಕೆಲಸ ಒಂದರೊಳಗೊಂದು ಸೇರಿಹೋಗಿವೆ. ಒಂದು, ಆಕರ ಕೊಡುವುದು. ಈ ವಿಷಯ ನನಗೆ ಇಂಥ ಪುಸ್ತಕದ ಇಂಥ ಪುಟದಲ್ಲಿ ಸಿಕ್ಕಿತು ಎನ್ನುವುದು. ಇನ್ನೊಂದು, ಕೆಲಸ ಮಾಡಿದ ರೀತಿಯನ್ನು ದಾಖಲಿಸುವುದು. ನಾನು ಇಂಥ ಸಾಧನವನ್ನು ಇಂಥದ್ದಕ್ಕೆ ಬಳಸಿದೆ ಎನ್ನುವುದು. ಎಐ ವಿಷಯದಲ್ಲಿ ಮೊದಲನೆಯದನ್ನು ಮಾಡಬಾರದು, ಎರಡನೆಯದನ್ನು ಬಿಡಬಾರದು. ನಮ್ಮಲ್ಲಿ ಎಷ್ಟೋ ಸಲ ಇದು ತಿರುಗುಮುರುಗಾಗುತ್ತದೆ. ಆಕರಪಟ್ಟಿಯಲ್ಲಿ "ಚಾಟ್‌ಜಿಪಿಟಿ" ಎಂದು ಒಂದು ಸಾಲು ಇರುತ್ತದೆ. ಅದನ್ನು ಯಾವುದಕ್ಕೆ ಬಳಸಿದರು ಎನ್ನುವುದು ಎಲ್ಲೂ ಇರುವುದಿಲ್ಲ.

ಅದು ಯಾಕೆ ಆಕರವಲ್ಲ? ಕನ್ನಡ ವಿಭಾಗದವರಿಗೆ ಹತ್ತಿರದ ಒಂದು ಉದಾಹರಣೆ ನೋಡೋಣ. "ದುಡಿಮೆಯ ಬಗ್ಗೆ ಬಸವಣ್ಣನವರ ಐದು ವಚನ ಕೊಡು" ಎಂದು ಒಂದು ಚಾಟ್‌ಬಾಟ್ ಅನ್ನು ಕೇಳಿ. ಐದು ಕೊಡುತ್ತದೆ. ಪ್ರತಿಯೊಂದರ ಕೊನೆಗೆ ಕೂಡಲಸಂಗಮದೇವನ ಅಂಕಿತವೂ ಇರುತ್ತದೆ. ಅದರಲ್ಲಿ ಒಂದೆರಡು ನಿಜವಾದ ವಚನ ಇರಬಹುದು. ಒಂದರ ಮೊದಲ ಸಾಲು ಬಸವಣ್ಣನವರದ್ದು, ಉಳಿದದ್ದು ಯಂತ್ರದ್ದು ಆಗಿರಬಹುದು. ಮತ್ತೊಂದು ಪೂರ್ತಿ ಹೊಸದಾಗಿ ಹೊಸೆದದ್ದೇ ಇರಬಹುದು. ಓದಿದರೆ ಎಲ್ಲವೂ ವಚನದ ಹಾಗೇ ಕೇಳಿಸುತ್ತವೆ. ಹತ್ತಾರು ವರ್ಷ ವಚನ ಓದಿದವರಿಗೆ ಎಲ್ಲೋ ಒಂದು ಕಡೆ ಅನುಮಾನ ಬರಬಹುದು. ಎಂ.ಎ. ಮೊದಲ ವರ್ಷದ ಹುಡುಗನಿಗೆ ಬರುವುದಿಲ್ಲ. ಅವನು ಅದನ್ನು ಅಸೈನ್‌ಮೆಂಟ್‌ಗೆ ಹಾಕುತ್ತಾನೆ. ಮುಂದೆ ಅದೇ ಅವನ ಥೀಸಿಸ್‌ಗೂ ಬರುತ್ತದೆ. ಥೀಸಿಸ್ ಶೋಧಗಂಗಾ ಎಂಬ ಥೀಸಿಸ್‌ಗಳ ಜಾಲ ಭಂಡಾರಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಇಡೀ ದೇಶ ಓದಬಹುದು. ಇನ್ನೊಬ್ಬರು ಅಲ್ಲಿಂದ ಎತ್ತಿಕೊಳ್ಳುತ್ತಾರೆ, ಈ ಸಲ ಅಡಿಟಿಪ್ಪಣಿ ಸಮೇತ. ಬಸವಣ್ಣ ಹೇಳದ ಮಾತು ಬಸವಣ್ಣನ ಮಾತಾಗಿ ನಿಂತುಬಿಡುತ್ತದೆ. ಇದನ್ನು ಯೋಚಿಸಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಪರೀಕ್ಷಿಸುವ ದಾರಿ ನಮ್ಮ ಕೈಯಲ್ಲೇ ಇದೆ. ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳು 15 ಇವೆ. ವಚನ ಸಂಚಯ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ ಸಿಗುತ್ತವೆ. ಯಂತ್ರ ಕೊಟ್ಟ ವಚನವನ್ನು ಅಲ್ಲಿ ಹುಡುಕಿ. ಸಿಕ್ಕರೆ ಸಂಪುಟ ತೆರೆದು ಓದಿ, ಸಂಪುಟದ ಸಂಖ್ಯೆ, ವಚನದ ಸಂಖ್ಯೆ ಕೊಡಿ. ಸಿಗದಿದ್ದರೆ ಬಿಟ್ಟುಬಿಡಿ. ಸಿಕ್ಕಿದಾಗಲೂ ನಿಮ್ಮ ಆಕರ ಸಂಪುಟವೇ ಹೊರತು ಚಾಟ್‌ಬಾಟ್ ಅಲ್ಲ.

ಯಂತ್ರ ಹೀಗೆ ಮಾಡುವುದಕ್ಕೆ ಕಾರಣ ಸರಳ. ಅದು ಒಂದು ಕಪಾಟಿನಿಂದ ವಚನ ತೆಗೆದು ಕೊಡುತ್ತಿಲ್ಲ. ಇಲ್ಲಿಯವರೆಗಿನ ಪದಗಳ ನಂತರ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಎಂದು ಲೆಕ್ಕ ಹಾಕಿ ಒಂದೊಂದೇ ತುಣುಕು ಜೋಡಿಸುತ್ತದೆ. ವಚನಕ್ಕೆ ಒಂದು ಧಾಟಿ ಇದೆ, ಅದು ಸಿಗುತ್ತದೆ. ಆಕರಪಟ್ಟಿಗೂ ಒಂದು ಧಾಟಿ ಇದೆ ಅಲ್ವಾ? ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪತ್ರಿಕೆ, ಪುಟ. ಅದೂ ಸಿಗುತ್ತದೆ. ಹೆಸರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಎಲ್ಲೂ ಇಲ್ಲ. 2023ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ ಚಾಟ್‌ಜಿಪಿಟಿಯ ಜಿಪಿಟಿ-3.5 ಮಾದರಿ ಕೊಟ್ಟ ಆಕರಗಳಲ್ಲಿ ನೂರಕ್ಕೆ 55, ಜಿಪಿಟಿ-4 ಕೊಟ್ಟವುಗಳಲ್ಲಿ ನೂರಕ್ಕೆ 18 ಯಂತ್ರವೇ ಕಟ್ಟಿದ, ಎಲ್ಲೂ ಇಲ್ಲದ ಆಕರಗಳು ಎಂದು ಕಂಡುಬಂತು. ಹೊಸ ಮಾದರಿಗಳು ಜಾಲದಲ್ಲಿ ಹುಡುಕಿ ಕೊಂಡಿ ಕೊಡುತ್ತವೆ, ಅದು ಒಳ್ಳೆಯದೇ. ಆದರೂ ಕೊಂಡಿ ತೆರೆದು ಓದುವ ಕೆಲಸ ನಮ್ಮದೇ.

ಇದರ ಬೆಲೆ ತೆತ್ತವರು ವಿದ್ಯಾರ್ಥಿಗಳಷ್ಟೇ ಅಲ್ಲ. 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯವೊಂದು ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಆ ತೀರ್ಪುಗಳನ್ನು ಚಾಟ್‌ಜಿಪಿಟಿ ಕಟ್ಟಿ ಕೊಟ್ಟಿತ್ತು. ನಮ್ಮ ಊರಿನಲ್ಲೇ, 2024ರ ಡಿಸೆಂಬರ್‌ನಲ್ಲಿ, ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಕೊಟ್ಟ ಒಂದು ಆದೇಶದಲ್ಲಿ ಉಲ್ಲೇಖವಾಗಿದ್ದ ತೀರ್ಪುಗಳು ಎಲ್ಲೂ ಇಲ್ಲ ಎಂದು ಗೊತ್ತಾಯಿತು. ಆದೇಶವನ್ನು ಹಿಂಪಡೆಯಬೇಕಾಯಿತು. ಎಐ ಬಳಕೆಯಿಂದ ಹೀಗಾಗಿರಬಹುದು ಎಂಬ ಅನುಮಾನವನ್ನು ಪತ್ರಿಕೆಗಳು ಬರೆದವು.

ಈಗ ದಾಖಲಿಸುವ ಮಾತಿಗೆ ಬರೋಣ. ಇದನ್ನು ಎಷ್ಟೋ ಜನ ತಪ್ಪೊಪ್ಪಿಗೆ ಎಂದುಕೊಂಡಿದ್ದಾರೆ. ಇದು ತಪ್ಪೊಪ್ಪಿಗೆ ಅಲ್ಲ. ನಮ್ಮ ಗ್ರಂಥಸಂಪಾದಕರ ಕೆಲಸ ನೆನಪಿಸಿಕೊಳ್ಳಿ. ಒಂದು ಹಳಗನ್ನಡ ಕಾವ್ಯಕ್ಕೆ ನಾಲ್ಕಾರು ಓಲೆಗರಿ ಪ್ರತಿಗಳು ಸಿಗುತ್ತವೆ. ಒಂದೊಂದರಲ್ಲಿ ಒಂದೊಂದು ಪಾಠ, ಅಂದರೆ ಅದೇ ಸಾಲಿನ ಬೇರೆ ಬೇರೆ ರೂಪ. ಸಂಪಾದಕರು ಪ್ರತಿಯೊಂದು ಪ್ರತಿಗೂ ಒಂದು ಅಕ್ಷರದ ಗುರುತು ಕೊಡುತ್ತಾರೆ. ಯಾವ ಪ್ರತಿ ಎಲ್ಲಿ ಸಿಕ್ಕಿತು, ಯಾವ ಸ್ಥಿತಿಯಲ್ಲಿತ್ತು ಎಂದು ಪೀಠಿಕೆಯಲ್ಲಿ ಬರೆಯುತ್ತಾರೆ. ತಮಗೆ ಸರಿ ಕಂಡ ಪಾಠವನ್ನು ಮೇಲೆ ಇಟ್ಟು, ಬಿಟ್ಟ ಪಾಠಗಳನ್ನು ಪುಟದ ಅಡಿಯಲ್ಲಿ ಕೊಡುತ್ತಾರೆ. ಡಿ.ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರು ಈ ಶಿಸ್ತನ್ನು ಕನ್ನಡಕ್ಕೆ ಕಲಿಸಿಕೊಟ್ಟರು. ಆ ಅಡಿಯ ಸಾಲುಗಳನ್ನು ನೋಡಿ ಯಾರೂ "ಪಾಪ, ಸಂಪಾದಕರಿಗೆ ಗೊತ್ತಿರಲಿಲ್ಲ" ಅನ್ನುವುದಿಲ್ಲ. ಮುಂದೆ ಬರುವವರು ಅದನ್ನು ಓದಿ, "ಇಲ್ಲಿ ಆ ಇನ್ನೊಂದು ಪಾಠವೇ ಸರಿ" ಎಂದು ವಾದಿಸಬಹುದು. ಹಾಗೆ ವಾದಿಸಲು ಜಾಗ ಬಿಟ್ಟಿದ್ದಕ್ಕೇ ಆ ಕೆಲಸಕ್ಕೆ ಬೆಲೆ.

ಎಐ ಬಳಕೆಯನ್ನು ಬರೆದಿಡುವುದೂ ಇದಕ್ಕೇ. ಇಲ್ಲಿ ಒಂದು ತೊಡಕು ಜಾಸ್ತಿ ಇದೆ. ಓಲೆಗರಿ ಇವತ್ತು ಓದಿದರೂ ನಾಳೆ ಓದಿದರೂ ಅದೇ. ಚಾಟ್‌ಬಾಟ್‌ಗೆ ಇವತ್ತು ಕೇಳಿದ ಪ್ರಶ್ನೆಯನ್ನೇ ನಾಳೆ ಕೇಳಿದರೆ ಉತ್ತರ ಬೇರೆ. ಪದ ಆರಿಸುವಾಗ ಅದರಲ್ಲಿ ಆಕಸ್ಮಿಕಕ್ಕೂ ಜಾಗ ಇಟ್ಟಿರುತ್ತಾರೆ. ಮೇಲಿಂದ ಮೇಲೆ ಮಾದರಿಗಳು ಬದಲಾಗುತ್ತವೆ, ಹಳೆಯದು ಬಂದ್ ಆಗುತ್ತದೆ. ಹಾಗಾಗಿ ಓದುಗರು ಮೂಲಕ್ಕೆ ಹೋಗಿ ನೋಡೋಣ ಎಂದರೆ ಅಲ್ಲಿ ಮೂಲವೇ ಇಲ್ಲ. ನೀವು ಉಳಿಸಿಕೊಂಡ ಪ್ರತಿಯೇ ಏಕೈಕ ಪ್ರತಿ.

ಜಗತ್ತು ಈ ವಿಷಯದಲ್ಲಿ ಬೇಗನೇ ಒಂದು ತೀರ್ಮಾನಕ್ಕೆ ಬಂತು. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ರಂದು. ಸ್ವಲ್ಪ ದಿನದಲ್ಲೇ ಕೆಲವು ಲೇಖನಗಳಲ್ಲಿ ಅದರ ಹೆಸರು ಸಹಲೇಖಕರ ಸಾಲಿನಲ್ಲಿ ಕಾಣಿಸಿತು. 2023ರ ಜನವರಿಯಲ್ಲಿ ನೇಚರ್ ಪತ್ರಿಕೆ ಇದನ್ನು ಒಪ್ಪುವುದಿಲ್ಲ ಎಂದಿತು. ಬಳಸಿದ್ದರೆ ವಿಧಾನದ ಭಾಗದಲ್ಲಿ ಅಥವಾ ಕೃತಜ್ಞತೆಯಲ್ಲಿ ಹೇಳಿ ಎಂದಿತು. ಫೆಬ್ರವರಿಯಲ್ಲಿ ಪ್ರಕಟಣಾ ನೀತಿಯ ಸಮಿತಿ ಕೋಪ್, ಮೇ ತಿಂಗಳಲ್ಲಿ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಅದೇ ಮಾತು ಹೇಳಿದವು. ಕಾರಣ ಎಲ್ಲರಿಗೂ ಒಂದೇ. ಬರೆದದ್ದಕ್ಕೆ ಉತ್ತರ ಕೊಡಬಲ್ಲವರು ಮಾತ್ರ ಲೇಖಕರು. ವೈವಾದಲ್ಲಿ ಕುರ್ಚಿಯಲ್ಲಿ ಕೂರುವುದು ನೀವು.

ಆಕರ ಬರೆಯುವ ಶೈಲಿಗಳಲ್ಲಿ ಮಾತ್ರ ಒಮ್ಮತ ಇಲ್ಲ. 2023ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘ ಎಪಿಎ ಕೊಟ್ಟ ಮಾದರಿಯಲ್ಲಿ ಲೇಖಕರ ಜಾಗದಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಹೆಸರು ಬರುತ್ತದೆ. ಆಧುನಿಕ ಭಾಷಾ ಸಂಘದ ಎಂಎಲ್‌ಎ ಶೈಲಿಯ ಪ್ರಕಾರ ಲೇಖಕರ ಜಾಗ ಖಾಲಿ, ನೀವು ಕೇಳಿದ ಪ್ರಶ್ನೆ, ಅಂದರೆ ಪ್ರಾಂಪ್ಟೇ ಶೀರ್ಷಿಕೆ. ಶಿಕಾಗೊ ಶೈಲಿಯವರು ಅಡಿಟಿಪ್ಪಣಿ ಸಾಕು, ಬೇರೆಯವರು ತೆರೆದು ನೋಡುವಂಥ ಕೊಂಡಿ ಇಲ್ಲದಿದ್ದರೆ ಗ್ರಂಥಸೂಚಿಯಲ್ಲಿ ಬೇಡ ಎನ್ನುತ್ತಾರೆ. ನನಗೆ ಶಿಕಾಗೊ ಶೈಲಿ ಹೆಚ್ಚು ಒಪ್ಪಿಗೆ. ನಿಮ್ಮ ವಿಶ್ವವಿದ್ಯಾಲಯ ಯಾವುದನ್ನು ಹೇಳುತ್ತದೋ ಅದನ್ನೇ ಬಳಸಿ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ಮಾದರಿಗಳು ನಿಜವಾಗಿ ಬೇಕಾಗುವುದು ಎಐ ಬರೆದದ್ದೇ ನಿಮ್ಮ ಅಧ್ಯಯನದ ವಸ್ತುವಾದಾಗ. ಚಾಟ್‌ಬಾಟ್‌ಗಳ ಕನ್ನಡ ಹೇಗಿದೆ ಎಂದು ನೀವು ಸಂಶೋಧನೆ ಮಾಡುತ್ತಿದ್ದರೆ ಅದರ ಉತ್ತರ ನಿಮಗೆ ಪಠ್ಯ. ಆಗ ಉದ್ಧರಿಸಿ, ಆಕರ ಕೊಡಿ.

ಉಳಿದಂತೆ ಬೇಕಾದದ್ದು ದಾಖಲೆ. ಯಾವ ಸಾಧನ, ಯಾವ ಮಾದರಿ, ಯಾವ ದಿನ, ಏನು ಕೇಳಿದಿರಿ, ಏನು ಬಂತು, ಅದರಲ್ಲಿ ಏನು ಉಳಿಸಿಕೊಂಡಿರಿ, ಅದನ್ನು ಹೇಗೆ ಪರೀಕ್ಷಿಸಿದಿರಿ. ಒಂದು ನೋಟ್‌ಬುಕ್ ಸಾಕು, ಅಥವಾ ಒಂದು ಎಕ್ಸೆಲ್ ಹಾಳೆ. ಮಾತುಕತೆಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಹಂಚಿಕೊಳ್ಳುವ ಕೊಂಡಿಯನ್ನೇ ನಂಬಿಕೊಳ್ಳಬೇಡಿ, ಖಾತೆ ಹೋದರೆ ಕೊಂಡಿಯೂ ಹೋಗುತ್ತದೆ. ಕಾಗುಣಿತ ತಿದ್ದಿದ್ದಕ್ಕೆಲ್ಲ ಈ ಲೆಕ್ಕ ಬೇಡ, ಬಹಳಷ್ಟು ಪ್ರಕಾಶಕರು ಅದನ್ನು ಕೇಳುವುದೂ ಇಲ್ಲ. ಯಂತ್ರ ನಿಮ್ಮ ವಾಕ್ಯ ಬರೆದರೆ, ನಿಮ್ಮ ಮಾಹಿತಿಯನ್ನು ಮುಟ್ಟಿದರೆ, ನಿಮ್ಮ ವಾದದ ದಿಕ್ಕನ್ನು ಬದಲಿಸಿದರೆ ಬರೆದಿಡಿ.

ಥೀಸಿಸ್‌ನಲ್ಲಿ ಅದು ಹೀಗೆ ಬರಬಹುದು:

"ಮೂರನೇ ಅಧ್ಯಾಯದ ಇಂಗ್ಲಿಷ್ ಸಾರಾಂಶದ ಭಾಷೆ ತಿದ್ದಲು 2025ರ ಫೆಬ್ರವರಿಯಲ್ಲಿ ಚಾಟ್‌ಜಿಪಿಟಿಯ ಜಿಪಿಟಿ-4ಒ ಮಾದರಿ ಬಳಸಿದ್ದೇನೆ. ಸಾರಾಂಶದ ಕನ್ನಡ ಮೂಲ ನನ್ನದು. ತಿದ್ದುಪಡಿಗಳನ್ನು ಒಂದೊಂದಾಗಿ ಮೂಲದ ಜೊತೆ ಹೋಲಿಸಿ ನೋಡಿದ್ದೇನೆ; ಅರ್ಥ ಬದಲಾದ ಕಡೆ ಬಿಟ್ಟಿದ್ದೇನೆ. ಆಕರ ಹುಡುಕಲು, ಮಾಹಿತಿ ವಿಶ್ಲೇಷಿಸಲು ಎಐ ಬಳಸಿಲ್ಲ. ಪ್ರಾಂಪ್ಟ್‌ಗಳು ಅನುಬಂಧದಲ್ಲಿವೆ."

ಎಷ್ಟು ಸಣ್ಣದು ನೋಡಿ. ಇದನ್ನು ಓದಿದ ಪರೀಕ್ಷಕರಿಗೆ ಎಲ್ಲಿ ಹೆಚ್ಚು ಗಮನ ಕೊಡಬೇಕು ಎಂದು ತಿಳಿಯುತ್ತದೆ. ಬಳಸಿಲ್ಲ ಎಂಬ ಸಾಲೂ ಮುಖ್ಯ. ಆ ಸಾಲು ಇಲ್ಲದಿದ್ದರೆ ಓದುವವರು ಎಲ್ಲವನ್ನೂ ಅನುಮಾನಿಸುತ್ತಾರೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕು ಎಂದುಕೊಂಡಿರುವುದು ಸಂದರ್ಶನಗಳ ಬಗ್ಗೆ. ಬೆಂಗಳೂರಿನ ಸಮಾಜವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ದಿನನಿತ್ಯದ ಕೆಲಸ. ಪೀಣ್ಯದ ಗಾರ್ಮೆಂಟ್ಸ್ ಕೆಲಸಗಾರ ಮಹಿಳೆಯರನ್ನು ಒಬ್ಬ ವಿದ್ಯಾರ್ಥಿನಿ ಮಾತನಾಡಿಸುತ್ತಾಳೆ ಅಂದುಕೊಳ್ಳಿ. ಮಾತೆಲ್ಲ ಕನ್ನಡದಲ್ಲಿ, ಫೋನ್‌ನಲ್ಲಿ ರೆಕಾರ್ಡ್ ಆಗಿದೆ. ಥೀಸಿಸ್ ಇಂಗ್ಲಿಷ್‌ನಲ್ಲಿ. ಮೊದಲು ಇದನ್ನೆಲ್ಲ ಕೇಳಿ ಕೇಳಿ ಕೈಯಲ್ಲಿ ಬರೆಯುತ್ತಿದ್ದರು. ಈಗ ಒಂದು ಸಾಧನ ಧ್ವನಿಯನ್ನು ಪಠ್ಯ ಮಾಡುತ್ತದೆ, ಇನ್ನೊಂದು ಇಂಗ್ಲಿಷ್‌ಗೆ ತರುತ್ತದೆ, ಮತ್ತೊಂದು "ಮುಖ್ಯ ಅಂಶಗಳು" ಎಂದು ಪಟ್ಟಿ ಮಾಡುತ್ತದೆ. ಥೀಸಿಸ್‌ನಲ್ಲಿ ಬರುವುದು ಒಂದೇ ಸಾಲು: ಸಂದರ್ಶನಗಳನ್ನು ಕನ್ನಡದಲ್ಲಿ ನಡೆಸಿ ಇಂಗ್ಲಿಷ್‌ಗೆ ಅನುವಾದಿಸಲಾಗಿದೆ. ಆ "ಲಾಗಿದೆ"ಯ ಹಿಂದೆ ಮೂರು ಯಂತ್ರಗಳು ಇವೆ. ಓದುಗರಿಗೆ ಅದು ಗೊತ್ತಿಲ್ಲ.

ಧ್ವನಿಯಿಂದ ಪಠ್ಯ ಮಾಡುವ ವಿಸ್ಪರ್ ಎಂಬ ಸಾಧನದ ಬಗ್ಗೆ 2024ರಲ್ಲಿ ಒಂದು ಅಧ್ಯಯನ ಬಂತು. ಇಂಗ್ಲಿಷ್ ಮಾತಿನ ತುಣುಕುಗಳನ್ನು ಕೊಟ್ಟು ನೋಡಿದಾಗ ಸುಮಾರು ನೂರರಲ್ಲಿ ಒಂದರಲ್ಲಿ ಯಾರೂ ಆಡದ ವಾಕ್ಯಗಳು ಸೇರಿಕೊಂಡಿದ್ದವು. ಮಾತಿನ ನಡುವೆ ಮೌನ ಹೆಚ್ಚಿದ್ದ ಕಡೆ ಇದು ಜಾಸ್ತಿ. ಈಗ ಆ ಗಾರ್ಮೆಂಟ್ಸ್ ಮಹಿಳೆಯನ್ನು ನೆನೆಸಿಕೊಳ್ಳಿ. ಸೂಪರ್‌ವೈಸರ್ ಬಗ್ಗೆ ಕೇಳಿದಾಗ ಆಕೆ ಸುಮ್ಮನಾಗುತ್ತಾಳೆ. ಆ ಮೌನವೇ ನಿಮ್ಮ ಸಂಶೋಧನೆಯ ತಿರುಳು. ಅಲ್ಲೇ ಯಂತ್ರ ಒಂದು ವಾಕ್ಯ ತುಂಬಿದರೆ? ಆಕೆ "ಇರ್ಬೋದೇನೋ, ನಂಗೆ ಸರಿಯಾಗಿ ಗೊತ್ತಿಲ್ಲ" ಎಂದದ್ದು ಇಂಗ್ಲಿಷ್‌ನಲ್ಲಿ ಗಟ್ಟಿ ಹೇಳಿಕೆಯಾಗಿ ನಿಂತರೆ? ಅಂಥ ಅಳುಕಿನ ಮಾತುಗಳನ್ನು ಇಸ್ತ್ರಿ ಮಾಡಿ ಕೊಡುವುದು ಈ ಸಾಧನಗಳ ಅಭ್ಯಾಸ.

ಹಾಗಾಗಿ ಒಂದೊಂದು ಹಂತವನ್ನೂ ವಿಧಾನದ ಅಧ್ಯಾಯದಲ್ಲಿ ಬರೆಯಿರಿ. ಧ್ವನಿ ಕಡತ ಅಳಿಸಬೇಡಿ. ಉದ್ಧರಿಸುವ ಪ್ರತಿಯೊಂದು ಮಾತನ್ನೂ ಕಿವಿಯಾರೆ ಕೇಳಿ ಹೋಲಿಸಿ. ಉಳಿದದ್ದರಲ್ಲಿ ಎಷ್ಟು ಭಾಗ ಕೈಯಲ್ಲಿ ಪರೀಕ್ಷಿಸಿದಿರಿ ಎಂದು ಹೇಳಿ. ಎಲ್ಲಕ್ಕಿಂತ ಮೊದಲು ಆ ಮಹಿಳೆಯನ್ನು ಕೇಳಿ. ಆಕೆ ನಿಮಗೆ ಮಾತು ಕೊಟ್ಟಿದ್ದಾಳೆ, ಒಂದು ಕಂಪನಿಯ ಸರ್ವರ್‌ಗೆ ಕೊಟ್ಟಿಲ್ಲ. ಉಚಿತ ಖಾತೆಗಳಲ್ಲಿ ಹಾಕಿದ್ದನ್ನು ಮಾದರಿಯ ತರಬೇತಿಗೆ ಬಳಸುವ ಸಾಧ್ಯತೆ ಇರುತ್ತದೆ. ಒಪ್ಪಿಗೆ ಪತ್ರದಲ್ಲಿ ಇದಕ್ಕೊಂದು ಸಾಲು ಇರಲಿ, ಅದನ್ನು ಆಕೆಗೆ ಅರ್ಥವಾಗುವಂತೆ ಬಾಯಲ್ಲೂ ಹೇಳಿ. ಬೇಡ ಎಂದರೆ ಕೈಯಲ್ಲೇ ಬರೆಯಿರಿ.

ಹೇಳಿಬಿಟ್ಟರೆ ಮುಗಿಯಿತು ಎಂದೂ ತಿಳಿಯಬೇಡಿ. 2024ರ ಫೆಬ್ರವರಿಯಲ್ಲಿ ಫ್ರಾಂಟಿಯರ್ಸ್ ಸಮೂಹದ ಒಂದು ಪತ್ರಿಕೆಯಲ್ಲಿ ಇಲಿಯ ಚಿತ್ರ ಬಂತು. ಅಂಗಗಳ ಅಳತೆಯೇ ತಪ್ಪು, ಗುರುತಿನ ಪದಗಳಿಗೆ ಅರ್ಥವೇ ಇಲ್ಲ. ಚಿತ್ರ ಮಿಡ್‌ಜರ್ನಿ ಎಂಬ ಎಐ ಸಾಧನದಲ್ಲಿ ಮಾಡಿದ್ದು ಎಂದು ಲೇಖಕರು ಬರೆದೇ ಇದ್ದರು. ಬಳಕೆ ದಾಖಲಾಗಿತ್ತು, ಪರೀಕ್ಷೆ ಆಗಿರಲಿಲ್ಲ. ಒಬ್ಬ ಪರಿಶೀಲಕರು ಚಿತ್ರಗಳ ಬಗ್ಗೆ ಆಕ್ಷೇಪ ಎತ್ತಿದ್ದರೂ ಲೇಖನ ಪ್ರಕಟವಾಯಿತು. ಕೆಲವೇ ದಿನಗಳಲ್ಲಿ ಲೇಖನವನ್ನು ಹಿಂಪಡೆದರು.

ಈಗ ಶೇಕಡಾ 10ರ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಬೇರೆ ಬರಹಗಳ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು. ಆ ನಿಯಮ ಬಂದಾಗ ಚಾಟ್‌ಜಿಪಿಟಿ ಇರಲಿಲ್ಲ. ಸಿಮಿಲಾರಿಟಿ ತಂತ್ರಾಂಶ ನಿಮ್ಮ ಪಠ್ಯವನ್ನು ಈಗಾಗಲೇ ಇರುವ ಪಠ್ಯಗಳ ಜೊತೆ ಹೋಲಿಸುತ್ತದೆ. ಎಐ ಹೊಸದಾಗಿ ಜೋಡಿಸಿದ ವಾಕ್ಯ ಸಾಮಾನ್ಯವಾಗಿ ಯಾವುದರ ಜೊತೆಗೂ ಹೊಂದುವುದಿಲ್ಲ. ಹಾಗಾಗಿ ಬೇರೆಯವರ ಪುಟವನ್ನು ಎಐಗೆ ಕೊಟ್ಟು "ಬೇರೆ ಮಾತಲ್ಲಿ ಬರಿ" ಎಂದರೆ ಹೋಲಿಕೆ ಇಳಿಯುತ್ತದೆ. ಕದ್ದ ವಿಚಾರ ಕದ್ದದ್ದಾಗಿಯೇ ಉಳಿಯುತ್ತದೆ. ಅದೇ ನಿಯಮದ ವ್ಯಾಖ್ಯೆಯಲ್ಲಿ ಬೇರೆಯವರ ಕೆಲಸದ ಜೊತೆಗೆ ವಿಚಾರದ ಮಾತೂ ಇದೆ. ನಾವು ಅಂಕಿಯನ್ನು ಮಾತ್ರ ಹಿಡಿದುಕೊಂಡೆವು. ಉದ್ಧರಣ ಚಿಹ್ನೆ ಹಾಕಿ, ಆಕರ ಕೊಟ್ಟರೆ ಆ ಭಾಗ ಲೆಕ್ಕಕ್ಕೇ ಬರುವುದಿಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಯಾರಾದರೂ ಹೇಳಿದ್ದೇವಾ?

ಎಐ ಪತ್ತೆ ಸಾಧನಗಳ ಬಗ್ಗೆ ನನ್ನ ಮಾತು ಖಡಾಖಂಡಿತ. ಅದರ ಅಂಕಿಯೊಂದನ್ನೇ ನೋಡಿ ಯಾರನ್ನೂ ಶಿಕ್ಷಿಸಬಾರದು. ಓಪನ್‌ಎಐ 2023ರ ಜನವರಿಯಲ್ಲಿ ತನ್ನದೇ ಪತ್ತೆ ಸಾಧನ ತಂದಿತು. ಅದು ಎಐ ಬರಹಗಳಲ್ಲಿ ನೂರಕ್ಕೆ 26 ಮಾತ್ರ ಗುರುತಿಸುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ನೂರಕ್ಕೆ 9ನ್ನು ಎಐ ಎನ್ನುತ್ತಿತ್ತು. ಇವು ಕಂಪನಿಯೇ ಕೊಟ್ಟ ಅಂಕಿಗಳು. ಜುಲೈನಲ್ಲಿ ಅದನ್ನು ನಿಲ್ಲಿಸಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಏಳು ಪತ್ತೆ ಸಾಧನಗಳಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಇಂಗ್ಲಿಷ್ ಮನೆಮಾತಲ್ಲದವರು ಸ್ವಂತ ಬರೆದವು ಅವು. ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಆ ಸಾಧನಗಳು ಎಐ ಎಂದವು. ಅಮೆರಿಕದ ಮಕ್ಕಳ ಪ್ರಬಂಧಗಳಲ್ಲಿ ಹಾಗಾಗಲಿಲ್ಲ. ಸರಳ ಪದ, ಸರಳ ವಾಕ್ಯ ಕಂಡರೆ ಸಾಧನಕ್ಕೆ ಅನುಮಾನ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬೆಂಗಳೂರಿಗೆ ಬಂದು, ಕಷ್ಟಪಟ್ಟು ಇಂಗ್ಲಿಷ್ ಕಲಿತ ಹುಡುಗಿ ಹಾಗೆಯೇ ಬರೆಯುತ್ತಾಳೆ. ಅವಳನ್ನು ಕಳ್ಳಿ ಎನ್ನುವ ಹಕ್ಕನ್ನು ಒಂದು ತಂತ್ರಾಂಶಕ್ಕೆ ಕೊಡಬಾರದು. ಅವಳ ಕೈಯಲ್ಲಿ ಕರಡುಗಳು, ನೋಟ್‌ಬುಕ್, ದಿನಾಂಕ ಇದ್ದರೆ ಅವಳ ಪರವಾಗಿ ಅವೇ ಮಾತನಾಡುತ್ತವೆ. ದಾಖಲೆ ಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಅಧ್ಯಾಪಕರಿಗೂ ಒಂದು ಮಾತು. ಈ ನಿಯಮ ನಮಗೂ ಇದೆ. ವಿದ್ಯಾರ್ಥಿಯ ಅಪ್ರಕಟಿತ ಅಧ್ಯಾಯವನ್ನು ಕೇಳದೆ ಚಾಟ್‌ಬಾಟ್‌ಗೆ ಹಾಕಿ ಅಭಿಪ್ರಾಯ ಬರೆಸುವುದು ತಪ್ಪು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2023ರ ಜೂನ್‌ನಲ್ಲೇ ತನ್ನ ಪರಿಶೀಲಕರು ಸಂಶೋಧನಾ ಅನುದಾನದ ಅರ್ಜಿಗಳನ್ನು ಹೀಗೆ ಎಐಗೆ ಕೊಡುವುದನ್ನು ನಿಷೇಧಿಸಿತು. ಪ್ರಶ್ನೆಪತ್ರಿಕೆಗೆ, ಟಿಪ್ಪಣಿಗೆ ಎಐ ಬಳಸಿದ್ದರೆ ತರಗತಿಯಲ್ಲಿ ಹೇಳಿ. ನಾವು ಹೇಳಿದರೆ ಅವರಿಗೂ ಹೇಳುವ ಧೈರ್ಯ ಬರುತ್ತದೆ.

ಮಾತಿನ ನಂತರ ಬಂದ ಎರಡು ಪ್ರಶ್ನೆಗಳು ಇಲ್ಲಿ ಸೇರಬೇಕು. ಒಬ್ಬರು ಕೇಳಿದರು: "ನಾನು ಪ್ರಾಮಾಣಿಕವಾಗಿ ಬರೆದು, ಪರೀಕ್ಷಕರು ಅದಕ್ಕೇ ಸಿಟ್ಟಾದರೆ?" ಆಗಬಹುದು. ಆಗುವುದಿಲ್ಲ ಎಂದು ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಅದಕ್ಕೇ ಇದನ್ನು ಒಬ್ಬ ವಿದ್ಯಾರ್ಥಿಯ ಹೆಗಲಿಗೆ ಬಿಡಬಾರದು. ಸಿನಾಪ್ಸಿಸ್ ಕೊಡುವಾಗಲೇ ಯಾವುದಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂದು ಗೈಡ್ ಜೊತೆ ಕೂತು ಒಂದು ಪುಟ ಬರೆದು ಇಬ್ಬರೂ ಸಹಿ ಮಾಡಿ. ವಿಭಾಗ ಅದನ್ನು ಕಡತದಲ್ಲಿ ಇಡಲಿ. ಪರೀಕ್ಷಕರಿಗೆ ಥೀಸಿಸ್ ಜೊತೆ ಆ ಪುಟವೂ ಹೋಗಲಿ.

ಇನ್ನೊಬ್ಬರದ್ದು: "ನನ್ನ ಥೀಸಿಸ್ ಮುಗಿಯುವ ಹಂತದಲ್ಲಿದೆ. ಇಷ್ಟು ದಿನ ಏನೂ ಬರೆದಿಟ್ಟಿಲ್ಲ. ಈಗ ಏನು ಮಾಡಲಿ?" ಖಾತೆ ತೆರೆದು ಹಳೆಯ ಮಾತುಕತೆಗಳನ್ನು ನೋಡಿ. ಅಳಿಸಿಲ್ಲದಿದ್ದರೆ ಬಹುಪಾಲು ಅಲ್ಲೇ ಇರುತ್ತವೆ, ಪೂರ್ತಿ ಇಳಿಸಿಕೊಳ್ಳಲೂ ಬರುತ್ತದೆ. ಅಧ್ಯಾಯದ ಪ್ರಕಾರ ವಿಂಗಡಿಸಿ. ಆಕರಪಟ್ಟಿಯ ಪ್ರತಿಯೊಂದು ಹೆಸರನ್ನೂ ಗ್ರಂಥಾಲಯದಲ್ಲೋ ಪತ್ರಿಕೆಯ ಜಾಲತಾಣದಲ್ಲೋ ತೆರೆದು ನೋಡಿ. ಸಿಗದದ್ದನ್ನು ತೆಗೆಯಿರಿ, ಅದರ ಮೇಲೆ ನಿಂತಿದ್ದ ವಾಕ್ಯವನ್ನೂ ತೆಗೆಯಿರಿ. ನೆನಪಿನಿಂದ ಬರೆಯುವ ಕಡೆ ನೆನಪಿನಿಂದ ಬರೆದದ್ದು ಎಂದೇ ಹೇಳಿ. ಆಮೇಲೆ ಎಲ್ಲವನ್ನೂ ತೆಗೆದುಕೊಂಡು ಗೈಡ್ ಹತ್ತಿರ ಹೋಗಿ, ಬೈಂಡಿಂಗ್‌ಗೆ ಕೊಡುವ ಮೊದಲು.